ಒಂದು ಸೋರಿಕೆ, ಮೂರು ಪಂಪು

ಸಣ್ಣ ವಿಮಾನಗಳ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. 100ಎಲ್‌ಎಲ್ ಎಂಬ ದರ್ಜೆಯ ಗುರುತು ಅದು. ಟ್ಯಾಂಕಿಗೆ ಬೇರೆ ದರ್ಜೆಯದು ತಪ್ಪಿ ಬೀಳಬಾರದೆಂದು ಮಾಡಿಕೊಂಡ ವ್ಯವಸ್ಥೆ. ವಿಮಾನವನ್ನು ಸ್ವಂತ ಕೈಯಿಂದ ಕಟ್ಟಿ ಹಾರಿಸುವ ನಮ್ಮಂಥವರಿಗೆ ಅದರಿಂದ ಇನ್ನೊಂದು ಉಪಕಾರವಿದೆ. ಪೆಟ್ರೋಲ್ ಆವಿಯಾಗಿ ಹೋಗುತ್ತದೆ, ಬಣ್ಣ ಹೋಗುವುದಿಲ್ಲ. ಎಲ್ಲಿ ಜಿನುಗಿತೋ ಅಲ್ಲಿ ತೆಳು ನೀಲಿ ಕಲೆಯೊಂದು ಉಳಿದುಬಿಡುತ್ತದೆ. ಜನವರಿಯ ಒಂದು ಶನಿವಾರ ಹ್ಯಾಂಗರಿನ ನೆಲದ ಮೇಲೆ ಅಂಗಾತ ಮಲಗಿ ವಿಮಾನದ ಹೊಟ್ಟೆ ಒರೆಸುತ್ತಿದ್ದ ನನ್ನ ಭಾವಮೈದುನ, "ಭಾವ, ಸ್ವಲ್ಪ ಇಲ್ಲಿ ಬನ್ನಿ" ಎಂದು ಕರೆದದ್ದು ಅಂಥದೊಂದು ಕಲೆಯನ್ನು ಕಂಡು.

ಎಂಜಿನ್ ಮುಚ್ಚುವ ಕೌಲಿಂಗ್‌ನ ಕೆಳಗಿನಿಂದ ಹೆಬ್ಬೆರಳಿನಷ್ಟು ಹೊರಗೆ ಇಣುಕುವ ಒಂದು ಅಲ್ಯೂಮಿನಿಯಂ ಕೊಳವೆ ಇದೆ. ಅದರ ತುದಿ ನೀಲಿಯಾಗಿತ್ತು. ಅಲ್ಲಿಂದ ಹಿಂದಕ್ಕೆ, ಗಾಳಿ ಎಳೆದ ಬಾಲದಂತೆ ಒಂದು ಗೀಟು. ಹಿಂದಿನ ಎರಡು ವಾರಗಳಿಂದ, ಹಾರಿ ಬಂದು ವಿಮಾನ ಒಳಗಿಟ್ಟ ಅರ್ಧ ಗಂಟೆಗೆ ಪೆಟ್ರೋಲ್ ವಾಸನೆ ಬರುತ್ತಿತ್ತು. ಟ್ಯಾಂಕ್ ತುಂಬುವಾಗ ಚೆಲ್ಲಿರಬೇಕು ಎಂದು ನಾನು, ಪಕ್ಕದ ಹ್ಯಾಂಗರಿನಿಂದ ಬರುತ್ತಿರಬೇಕು ಎಂದು ಅವನು, ಇಬ್ಬರೂ ನಮಗೆ ಅನುಕೂಲವಾದ ವಿವರಣೆ ಹುಡುಕಿಕೊಂಡಿದ್ದೆವು. ವಾಸನೆ ಬಂದ ಮೊದಲ ದಿನವೇ ಕೌಲಿಂಗ್ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಆ ಕೊಳವೆಯ ಬಾಯಿಗೂ ಎಕ್ಸಾಸ್ಟ್ ಪೈಪಿಗೂ ಇರುವ ಅಂತರ ಒಂದು ಗೇಣು ಕೂಡ ಇಲ್ಲ ಎಂಬುದನ್ನು ಆ ಶನಿವಾರ ಅಳತೆಪಟ್ಟಿ ಹಿಡಿದು ನೋಡಿದಾಗ ನನ್ನ ಕೈ ತಣ್ಣಗಾಯಿತು; ಅದಕ್ಕೆ ಹೊರಗಿನ ಚಳಿಯೊಂದೇ ಕಾರಣವಾಗಿರಲಿಲ್ಲ.

ಕಲೆ ಕಂಡ ದಿನದಿಂದ ಅದು ಇಲ್ಲವಾಗುವವರೆಗೆ ಒಂಬತ್ತು ವಾರ ಹಿಡಿಯಿತು. ಅದರಲ್ಲಿ ಏಳು ವಾರ ನಾವು ಬೇರೆ ಕಡೆಯೇ ನೋಡುತ್ತಿದ್ದೆವು. ಆ ಏಳು ವಾರಗಳನ್ನೇ ಇಲ್ಲಿ ಹೆಚ್ಚು ವಿವರವಾಗಿ ಬರೆಯುತ್ತೇನೆ. ಕೊನೆಯ ರಿಪೇರಿ ಎರಡು ಸಂಜೆಗಳ ಕೆಲಸ. ಅದನ್ನು ಓದಿದರೆ ಯಾರಿಗೂ ಏನೂ ಸಿಗುವುದಿಲ್ಲ.

ವಿಮಾನ ಮತ್ತು ಪಂಪು

ನಾವಿರುವುದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ಸ್ವಂತ ಕೈಯಿಂದ ವಿಮಾನ ಕಟ್ಟುವುದು ಇಲ್ಲಿ ಕಾನೂನು ಒಪ್ಪಿದ ಹವ್ಯಾಸ. ಕಟ್ಟುವ ಕೆಲಸದ ಹೆಚ್ಚಿನ ಪಾಲನ್ನು ಕಲಿಕೆಗಾಗಿಯೋ ಹವ್ಯಾಸಕ್ಕಾಗಿಯೋ ಸ್ವತಃ ಮಾಡಿದ್ದರೆ ವಿಮಾನಕ್ಕೆ ‘ಪ್ರಾಯೋಗಿಕ’ ವರ್ಗದಲ್ಲಿ ಹಾರಲು ಅನುಮತಿ ಸಿಗುತ್ತದೆ; ಹ್ಯಾಂಗರಿನ ಮಾತಿನಲ್ಲಿ ಇದು 51 ಶೇಕಡಾ ನಿಯಮ. ಕಟ್ಟಿದವನು ಅರ್ಜಿ ಹಾಕಿದರೆ ತನ್ನ ವಿಮಾನದ ವಾರ್ಷಿಕ ತಪಾಸಣೆಗೆ ತಾನೇ ಸಹಿ ಹಾಕುವ ಪ್ರಮಾಣಪತ್ರವನ್ನೂ ಕೊಡುತ್ತಾರೆ. ಗೌರವದ ವಿಷಯ, ನಿಜ. ಆದರೆ ತಪ್ಪು ಮಾಡಿದವನೇ ತಪ್ಪು ಹುಡುಕುವ ತನಿಖಾಧಿಕಾರಿಯೂ ಆಗುತ್ತಾನೆ.

ನಮ್ಮದು ಒರೆಗಾನ್ ರಾಜ್ಯದ ವ್ಯಾನ್ಸ್ ಕಂಪನಿಯ ಕಿಟ್‌ನಿಂದ ಕಟ್ಟಿದ ಆರ್‌ವಿ-9ಎ. ಇಬ್ಬರು ಅಕ್ಕಪಕ್ಕ ಕೂರುವ, ರೆಕ್ಕೆ ಕೆಳಗಿರುವ, ಮೂಗಿನ ಕೆಳಗೆ ಗಾಲಿಯಿರುವ ವಿಮಾನ. ಆರು ವರ್ಷ ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಎಂಜಿನ್ ಲೈಕಾಮಿಂಗ್ ಓ-320: ನಾಲ್ಕು ಸಿಲಿಂಡರ್, 160 ಅಶ್ವಶಕ್ತಿ, ಹೊಟ್ಟೆಯಡಿಯಲ್ಲಿ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್. ರೆಕ್ಕೆಯೊಳಗಿನ ಟ್ಯಾಂಕು ಕಾರ್ಬ್ಯುರೇಟರಿಗಿಂತ ತಗ್ಗಿನಲ್ಲಿರುವುದರಿಂದ ಪೆಟ್ರೋಲನ್ನು ಎತ್ತಿ ಕೊಡಬೇಕಾಗುತ್ತದೆ. ಇದೇ ಎಂಜಿನ್ ಇರುವ, ರೆಕ್ಕೆ ಮೇಲಿರುವ ಸೆಸ್ನಾ 172ಗಳಲ್ಲಿ ಪೆಟ್ರೋಲ್ ತಾನಾಗಿ ಇಳಿದು ಬರುತ್ತದೆ; ಅವರಿಗೆ ಈ ಬರಹದ ತಲೆನೋವಿಲ್ಲ. ನಮ್ಮದರಲ್ಲಿ ಎರಡು ಪಂಪು, ಒಂದರ ಮುಂದೆ ಒಂದು. ಕ್ಯಾಬಿನ್ನಿನೊಳಗೆ ವಿದ್ಯುತ್ ಪಂಪು. ಕ್ಯಾಬಿನ್ನಿಗೂ ಎಂಜಿನ್ನಿಗೂ ನಡುವಿನ ತಡೆಗೋಡೆ, ಅಂದರೆ ಫೈರ್‌ವಾಲ್, ದಾಟಿದ ಮೇಲೆ ಎಂಜಿನ್ನಿನ ಬೆನ್ನಿಗೆ ಕಚ್ಚಿಕೊಂಡಿರುವ ಯಾಂತ್ರಿಕ ಪಂಪು. ಏರುವಾಗ, ಇಳಿಯುವಾಗ ಎರಡೂ ಕೆಲಸ ಮಾಡುತ್ತಿರುತ್ತವೆ. ಮಿಕ್ಕ ಹೊತ್ತು ಯಾಂತ್ರಿಕ ಪಂಪೊಂದೇ ಸಾಕು.

ಈ ಯಾಂತ್ರಿಕ ಪಂಪು ಹಳೆಯ ಅಂಬಾಸಿಡರ್ ಕಾರಿನ ಪಂಪಿನ ನೆಂಟ. ಒಳಗೆ ರಬ್ಬರು ಬಟ್ಟೆಯ ಒಂದು ಪೊರೆ, ಅಂದರೆ ಡಯಾಫ್ರಂ. ಎಂಜಿನ್ ತಿರುಗಿದಂತೆ ಒಂದು ಸಣ್ಣ ಉಕ್ಕಿನ ಕಡ್ಡಿ ಮುಂದೆ ಹಿಂದೆ ಆಡಿ ಪಂಪಿನ ಸನ್ನೆಯನ್ನು ಒತ್ತುತ್ತದೆ. ಸನ್ನೆ ಪೊರೆಯನ್ನು ಎಳೆಯುತ್ತದೆ. ಪೆಟ್ರೋಲ್ ಒಳಗೆ ಬರುತ್ತದೆ. ಅದನ್ನು ಹೊರಗೆ ತಳ್ಳುವ ಕೆಲಸ ಮಾತ್ರ ಪೊರೆಯ ಹಿಂದಿನ ಸ್ಪ್ರಿಂಗಿನದು. ಕಾರ್ಬ್ಯುರೇಟರಿನ ತೊಟ್ಟಿ ತುಂಬಿ, ಒಳಹರಿವನ್ನು ತಡೆಯುವ ಮುಳ್ಳು ಮುಚ್ಚಿಕೊಂಡರೆ ಸ್ಪ್ರಿಂಗು ಒತ್ತಿಕೊಂಡೇ ಕಾಯುತ್ತದೆ, ಸನ್ನೆ ಬರಿದೇ ಆಡುತ್ತಿರುತ್ತದೆ. ಹೀಗಾಗಿ ಎಂಜಿನ್ ಎಷ್ಟೇ ಜೋರಾಗಿ ತಿರುಗಿದರೂ ಒತ್ತಡ ಮಿತಿಯಲ್ಲಿರುತ್ತದೆ. ಈ ಎಂಜಿನ್ನಿಗೆ ಅರ್ಧ ಪಿಎಸ್‌ಐನಿಂದ 8 ಪಿಎಸ್‌ಐವರೆಗೆ ಇರಬಹುದು. ಕಾರಿನ ಟೈರಿನಲ್ಲಿರುವ ಒತ್ತಡದ ಕಾಲುಭಾಗ. ಇಷ್ಟು ಕಡಿಮೆ ಒತ್ತಡದಲ್ಲಿ ಸೋರುವುದು ಚಿಮ್ಮುವುದಿಲ್ಲ, ಬೆವರುತ್ತದೆ. ಹುಡುಕುವುದು ಕಷ್ಟವಾಗುವುದು ಅದಕ್ಕೇ.

ಪೊರೆಯ ಒಂದು ಕಡೆ ಪೆಟ್ರೋಲ್. ಇನ್ನೊಂದು ಕಡೆ, ಒಂದು ಸೀಲಿನ ಆಚೆಗೆ, ಎಂಜಿನ್ ಆಯಿಲ್. ನಡುವೆ ಖಾಲಿ ಜಾಗ. ಆ ಖಾಲಿ ಜಾಗದಿಂದ ಹೊರಟು ಕೌಲಿಂಗ್ ಕೆಳಗೆ ತೆರೆದುಕೊಳ್ಳುವುದೇ ನಾನು ಮೊದಲು ಹೇಳಿದ ಅಲ್ಯೂಮಿನಿಯಂ ಕೊಳವೆ, ಡ್ರೈನ್. ಪೊರೆ ಹರಿದರೆ ಅಲ್ಲಿ ನೀಲಿ ತೊಟ್ಟಿಕ್ಕುತ್ತದೆ, ಸೀಲ್ ಸೋತರೆ ಕಂದು. ಕೆಲವರು ಹೊಲಸಾಗುತ್ತದೆಂದು ಆ ರಂಧ್ರಕ್ಕೆ ಬಿರಡೆ ಹಾಕಿಬಿಡುತ್ತಾರೆ. ಹರಿದ ಪೊರೆಯಿಂದ ಬಂದ ಪೆಟ್ರೋಲಿಗೆ ಆಮೇಲೆ ಆಯಿಲ್ ಕಡೆಗೆ ನುಗ್ಗುವುದೊಂದೇ ದಾರಿ ಉಳಿಯುತ್ತದೆ. ನಾವು ಆ ಕೆಲಸವನ್ನಂತೂ ಮಾಡಿರಲಿಲ್ಲ.

ಎಮ್ಮೆಗೆ ಬರೆ

ಈಗ ನಮ್ಮ ತರ್ಕ ನೋಡಿ. ಡ್ರೈನ್ ಕೊಳವೆಯ ತುದಿಯಲ್ಲಿ ನೀಲಿ. ನೀಲಿ ಬಂದರೆ ಪೊರೆ ಹರಿದಿದೆ ಎಂದರ್ಥ. ಪೊರೆ ಹರಿದ ಪಂಪನ್ನು ಬದಲಾಯಿಸಬೇಕು. ಮೂರು ವಾಕ್ಯ, ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡವು. ಅರ್ಧ ಗಂಟೆಯೊಳಗೆ ಹೊಸ ಪಂಪಿಗೆ ಆರ್ಡರ್ ಹೋಯಿತು. ಹಲವು ನೂರು ಡಾಲರ್. ಮೊದಲ ವಾಕ್ಯದಲ್ಲೇ ಒಂದು ಸಣ್ಣ ಸುಳ್ಳು ಸೇರಿಕೊಂಡಿತ್ತು ಎಂಬುದು ನಮಗೆ ಗೊತ್ತಾಗಲು ಫೆಬ್ರುವರಿ ಮುಗಿಯಬೇಕಾಯಿತು.

ಪಂಪು ಬದಲಿಸುವ ಕೆಲಸ ಕಾಗದದ ಮೇಲೆ ಸುಲಭ: ಎರಡು ಹೋಸ್, ಒಂದು ಡ್ರೈನ್, ಎರಡು ಬೋಲ್ಟ್. ಕಷ್ಟವಿರುವುದು ಸನ್ನೆಯನ್ನು ಒತ್ತುವ ಆ ಕಡ್ಡಿಯಲ್ಲಿ. ಪಂಪು ತೆಗೆದೊಡನೆ ಅದು ಜಾರಿ ಹೊರಗೆ ಬರುತ್ತದೆ. ಹಾಗೇ ಬಿಟ್ಟು ಹೊಸ ಪಂಪನ್ನು ಕೂರಿಸಿ ಬೋಲ್ಟ್ ಬಿಗಿದರೆ ಸನ್ನೆ ತಪ್ಪು ಜಾಗದಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಇದೆಯೆಂದು ಎರಡು ಸಲ ನೋಡಿ, ಪ್ರೊಪೆಲ್ಲರನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಕಡ್ಡಿ ಪೂರ್ತಿ ಒಳಗೆ ಹೋಗುವ ಜಾಗ ಹುಡುಕಬೇಕು. ಅದು ಅಲ್ಲೇ ನಿಲ್ಲಲು ಗಟ್ಟಿ ಗ್ರೀಸ್ ಮೆತ್ತಬೇಕು. ಇಲಿನಾಯ್ ಚಳಿ ನಮಗೆ ಮಾಡಿದ ಒಂದೇ ಸಹಾಯವೆಂದರೆ ಗ್ರೀಸನ್ನು ಮೇಣದಂತೆ ಗಟ್ಟಿ ಮಾಡಿದ್ದು. ಅದೂ ಮೂರನೆಯ ಪ್ರಯತ್ನದಲ್ಲಿ ಕೂತಿತು.

ಹಳೆಯ ಪಂಪಿನಿಂದ ಎಲ್ಬೋ ಬಿಚ್ಚಿ ಹೊಸದಕ್ಕೆ ಹಾಕಿದೆವು. ನೀರಿನ ಪೈಪ್ ಕೆಲಸದವರು ಹೇಳುವ ಅದೇ ಎಲ್ಬೋ, 90 ಡಿಗ್ರಿ ತಿರುವು, ಅಲ್ಯೂಮಿನಿಯಂನದು. ಪಂಪಿನ ಹೊರಹರಿವಿನ ಬಾಯಿಗೆ ತಿರುಪಿ ಕೂರಿಸಿ, ಇನ್ನೊಂದು ತುದಿಗೆ ಹೋಸ್ ಜೋಡಿಸಬೇಕು. ಬಿಗಿಯುತ್ತ ಬಂದಾಗ ಅದು ತಿರುಗಬೇಕಾದ ದಿಕ್ಕಿಗೆ ಇನ್ನೂ ಸುಮಾರು ಕಾಲು ಸುತ್ತು ಬಾಕಿ ಉಳಿಯಿತು. ಉದ್ದ ಸ್ಪ್ಯಾನರ್ ತಂದು ಆ ಕಾಲು ಸುತ್ತನ್ನೂ ಮುಗಿಸಿದೆ. ಗಟ್ಟಿಯಾಗಿಯೇ ಬಂತು. ‘ಗಟ್ಟಿ’ ಎಂಬ ಪದಕ್ಕೆ ಕನ್ನಡದಲ್ಲಿ ಹೊಗಳಿಕೆಯ ದನಿಯಿದೆ. ಆ ಸಂಜೆ ನನಗೆ ಕೇಳಿಸಿದ್ದು ಆ ದನಿ ಮಾತ್ರ.

ಹಳೆಯ ಪಂಪನ್ನು ಸುಮ್ಮನೆ ಬಿಡಲಾಗಲಿಲ್ಲ. ಹರಿದ ಪೊರೆಯನ್ನು ಕಣ್ಣಾರೆ ಕಾಣಬೇಕಿತ್ತು. ಬೆಂಚಿನ ಮೇಲಿಟ್ಟು ಸ್ಕ್ರೂ ತೆಗೆದು, ಬರದ ಕಡೆ ಕತ್ತರಿಸಿ, ಪೊರೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆವು. ತೂತಿಲ್ಲ. ಎಳೆದು ಹಿಡಿದೆವು. ಸೀಳೂ ಇಲ್ಲ. "ಸೂಜಿಮೊನೆಯಷ್ಟು ಇರಬೇಕು ಭಾವ, ಬಿಸಿಯಾದಾಗ ಮಾತ್ರ ತೆರೆದುಕೊಳ್ಳುತ್ತದೇನೋ" ಎಂದ ಅವನು. ನಾನು ತಲೆಯಾಡಿಸಿದೆ. ತೂತು ಕಾಣಿಸದಿರುವುದೇ ತೂತು ಬಹಳ ಸಣ್ಣದು ಎಂಬುದಕ್ಕೆ ಸಾಕ್ಷಿಯಾಗಿಬಿಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾವು ಎಮ್ಮೆಯ ಹೊಟ್ಟೆಯನ್ನೂ ಬಗೆದು ನೋಡಿದವರು.

ಮತ್ತೆ ನೀಲಿ

ನಾಲ್ಕು ಗಂಟೆ ಹಾರಿದೆವು. ಕೊಳವೆಯ ತುದಿ ಒಣಗಿತ್ತು. ಐದನೆಯ ಗಂಟೆಗೆ ಅದೇ ಜಾಗದಲ್ಲಿ ಅದೇ ನೀಲಿ.

ಹೊಸ ಪಂಪಿನ ಪೊರೆಯೂ ಹರಿದಿದೆ ಎಂದು ನಂಬುವುದಕ್ಕೆ ನಾವು ಎಷ್ಟು ಸಿದ್ಧರಾಗಿದ್ದೆವೆಂದರೆ, ಮಾರಿದವರಿಗೆ ದೂರಿನ ಪತ್ರ ಬರೆದೂ ಇಟ್ಟಿದ್ದೆ. ಕಳುಹಿಸದಂತೆ ತಡೆದವರು ನಮ್ಮ ಸಾಲಿನ ಕೊನೆಯ ಹ್ಯಾಂಗರಿನಲ್ಲಿ ಕೂರುವ ನಿವೃತ್ತ ಮೆಕ್ಯಾನಿಕ್. ಎಪ್ಪತ್ತು ದಾಟಿದವರು, ಇಎಎ ಸಂಘದ ತಾಂತ್ರಿಕ ಸಲಹೆಗಾರರು. ಮನೆಯಲ್ಲಿ ವಿಮಾನ ಕಟ್ಟುವವರಿಗಾಗಿ 1953ರಲ್ಲಿ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಶುರುಮಾಡಿದ ಸಂಘ ಅದು. ಅದರ ಸಲಹೆಗಾರರು ಹಣ ತೆಗೆದುಕೊಳ್ಳದೆ ಬಂದು ನೋಡುತ್ತಾರೆ. ನಾವು ಅವರನ್ನು ಮೊದಲೇ ಏಕೆ ಕರೆಯಲಿಲ್ಲ ಎಂದರೆ, ಸಂಕೋಚ ಎನ್ನಬಹುದು. ಜಂಭ ಎನ್ನುವುದು ಹೆಚ್ಚು ಸರಿ.

ಅವರು ಎರಡೇ ಪ್ರಶ್ನೆ ಕೇಳಿದರು. ಮೊದಲನೆಯದು: ನೀಲಿ ಇರುವುದು ಕೊಳವೆಯ ಒಳಗೋ, ಹೊರಗೋ?

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಭಾವಮೈದುನ ಕಾರಿನಿಂದ ಕಿವಿ ಸ್ವಚ್ಛ ಮಾಡುವ ಹತ್ತಿಯ ಕಡ್ಡಿ ತಂದು ಕೊಳವೆಯ ಬಾಯಿಗೆ ತೂರಿಸಿ ತಿರುಗಿಸಿದ. ಹೊರಗೆ ಬಂದಾಗ ಅದಕ್ಕೆ ಬೂದುಬಣ್ಣದ ಒಣ ದೂಳು ಅಂಟಿತ್ತು. ನೀಲಿಯ ಸುಳಿವಿಲ್ಲ. ಆ ದೂಳು ತಿಂಗಳುಗಳಿಂದ ಅಲುಗದೆ ಕೂತಿದ್ದು. ಮೊದಲ ಪಂಪಿನ ಪೊರೆ ಹರಿದಿರಲಿಲ್ಲ, ಎರಡನೆಯದೂ ಹರಿದಿಲ್ಲ ಎಂದು ಆ ಹತ್ತಿಯ ಕಡ್ಡಿ ಹೇಳುತ್ತಿತ್ತು. ಪೆಟ್ರೋಲ್ ಬರುತ್ತಿದ್ದದ್ದು ಮೇಲೆ ಇನ್ನೆಲ್ಲಿಂದಲೋ. ಕೊಳವೆಯ ಹೊರಮೈಯನ್ನು ತಬ್ಬಿಕೊಂಡು ಇಳಿದು, ತುದಿಯಲ್ಲಿ ಬೇರೆ ದಾರಿಯಿಲ್ಲದೆ ತೊಟ್ಟಿಕ್ಕುತ್ತಿತ್ತು.

ತೀರ್ಥಹಳ್ಳಿ ಕಡೆಯ ಹಂಚಿನ ಮನೆಯಲ್ಲಿ ಬೆಳೆದವನು ನಾನು. ಮಳೆಗಾಲದಲ್ಲಿ ಹಂಚು ಒಡೆದಿರುವುದು ಒಂದು ಕಡೆ, ನೀರು ಬೀಳುವುದು ಇನ್ನೊಂದು ಕಡೆ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ನೀರು ಪಕಾಸಿ ಹಿಡಿದು ಎರಡು ಮಾರು ಇಳಿದು ಎಲ್ಲೋ ಒಂದು ಗಂಟಿನಲ್ಲಿ ತೊಟ್ಟಿಕ್ಕುತ್ತದೆ. ಪಾತ್ರೆ ಇಟ್ಟ ಜಾಗದ ನೆತ್ತಿಯ ಮೇಲಿನ ಹಂಚನ್ನು ಬದಲಿಸಿದವನನ್ನು ನಮ್ಮ ಅಜ್ಜ ಇಡೀ ಮಳೆಗಾಲ ಆಡಿಕೊಳ್ಳುತ್ತಿದ್ದರು.

ಎರಡನೆಯ ಪ್ರಶ್ನೆ: ಸೋರುವುದು ಶುರುವಾಗುವ ಮೊದಲು ಇಲ್ಲಿ ಕೊನೆಯದಾಗಿ ಏನನ್ನು ಮುಟ್ಟಿದ್ದಿರಿ? ಏನೂ ಇಲ್ಲ ಎಂದೆವು. ಲಾಗ್ ಪುಸ್ತಕ ತನ್ನಿ ಎಂದರು. ಕಲೆ ಕಂಡದ್ದು ಎಂಜಿನ್ 194 ಗಂಟೆ ಓಡಿದ್ದಾಗ. 162ನೆಯ ಗಂಟೆಯಲ್ಲಿ, ವಾರ್ಷಿಕ ತಪಾಸಣೆಯ ಸಮಯದಲ್ಲಿ, ನನ್ನದೇ ಅಕ್ಷರದಲ್ಲಿ ಒಂದು ಸಾಲು: ಇಂಧನ ಹರಿವಿನ ಸೆನ್ಸರ್ ಅಳವಡಿಸಲಾಯಿತು. ಗಂಟೆಗೆ ಎಷ್ಟು ಪೆಟ್ರೋಲ್ ಹೋಗುತ್ತಿದೆ ಎಂದು ಪರದೆಯ ಮೇಲೆ ತೋರಿಸುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಉಪಕರಣ. 32 ಗಂಟೆ ಕಳೆದಿದ್ದರಿಂದ ಅದು ನಮ್ಮ ಲೆಕ್ಕದಲ್ಲಿ ‘ಕೊನೆಯದಾಗಿ ಮುಟ್ಟಿದ್ದು’ ಆಗಿರಲಿಲ್ಲ.

ಪೌಡರ್ ಬಳಿದದ್ದು

ಊಹೆ ಸಾಕು, ಸೋರುವುದನ್ನು ಕಣ್ಣಿಂದ ನೋಡಿ ಎಂದು ಹೇಳಿ ಅವರು ಹೋದರು. ಮರುದಿನ ವಿಮಾನವನ್ನು ಹ್ಯಾಂಗರಿನಿಂದ ಹೊರಗೆಳೆದೆವು. ಒಳಗೆ ಹೀಟರ್ ಉರಿಯುತ್ತಿರುತ್ತದೆ. ಪೆಟ್ರೋಲ್ ಸೋರುತ್ತದೆಯೇ ಎಂದು ಪರೀಕ್ಷಿಸಲು ಅದಕ್ಕಿಂತ ಕೆಟ್ಟ ಜಾಗವಿಲ್ಲ. ಅಗ್ನಿಶಾಮಕ ಸಿಲಿಂಡರ್ ಹಿಡಿದು ಒಬ್ಬ ನಿಂತಿರಬೇಕೆಂದು ನಿಯಮ ಮಾಡಿಕೊಂಡೆವು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ. ಕೌಲಿಂಗ್ ತೆಗೆದು, ಎಂಜಿನ್ ನಿಲ್ಲಿಸಿಯೇ ವಿದ್ಯುತ್ ಪಂಪು ಹಾಕಿದೆವು. ಅದರ ಒತ್ತಡ ಯಾಂತ್ರಿಕ ಪಂಪಿನ ಕವಾಟಗಳನ್ನು ದಾಟಿ ಕಾರ್ಬ್ಯುರೇಟರಿನ ಮುಳ್ಳಿನವರೆಗೂ ನಿಲ್ಲುತ್ತದೆ. ಹತ್ತು ನಿಮಿಷ ಟಾರ್ಚ್ ಮತ್ತು ಕನ್ನಡಿ ಹಿಡಿದು ಪ್ರತಿ ಜೋಡಣೆಯನ್ನೂ ನೋಡಿದೆವು. ಎಲ್ಲೂ ಒಂದು ಹನಿ ಇಲ್ಲ. ವಿದ್ಯುತ್ ಪಂಪು ಹಾಕಿ ನೋಡಿದೆವು, ಸೋರಲಿಲ್ಲ, ಆದ್ದರಿಂದ ಸರಿಯಿದೆ ಎಂದು ಬರೆದು ಕೈತೊಳೆದುಕೊಳ್ಳುವವರು ಬಹಳ. ನಮ್ಮ ಸೋರಿಕೆ ನಿಂತ ಎಂಜಿನ್ನಿನಲ್ಲಿ ಸೋರುವ ಜಾತಿಯದಾಗಿರಲಿಲ್ಲ.

ಆಗ ನೆನಪಾದದ್ದು ಪೌಡರ್. ಒಣ ಪೌಡರ್ ಚಿಮುಕಿಸಿದರೆ ಪ್ರೊಪೆಲ್ಲರಿನ ಗಾಳಿಗೆ ಹಾರಿಹೋಗುತ್ತದೆ. ಸ್ಪಿರಿಟ್ಟಿನಲ್ಲಿ ಕಲಸಿ ಬ್ರಷ್ಷಿನಿಂದ ಪಂಪು, ಎಲ್ಬೋ, ಹೋಸಿನ ತುದಿ, ಡ್ರೈನ್ ಕೊಳವೆ ಎಲ್ಲದಕ್ಕೂ ತೆಳುವಾಗಿ ಬಳಿದು, ಸ್ಪಿರಿಟ್ ಪೂರ್ತಿ ಆರಲು ಬಿಟ್ಟೆವು. ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಯಿತು. ಮನೆಯಲ್ಲಿದ್ದದ್ದು ಊರಿನಿಂದ ತಂದ ಮೈಸೂರು ಸ್ಯಾಂಡಲ್ ಪೌಡರ್. ಎಂಜಿನ್ನಿಗೆ ಗಂಧ ಪೂಸಿದ ಮೊದಲಿಗರು ನಾವೇ ಇರಬೇಕು. ಎಂಜಿನ್ನನ್ನು ಐದು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ, ನಿಲ್ಲಿಸಿದೆವು. ಕೌಲಿಂಗ್ ಇಲ್ಲದೆ ಸಿಲಿಂಡರುಗಳಿಗೆ ಗಾಳಿ ಸರಿಯಾಗಿ ಹೋಗುವುದಿಲ್ಲವಾದ್ದರಿಂದ ಹೆಚ್ಚು ಹೊತ್ತು ಓಡಿಸುವಂತಿಲ್ಲ. ನಿಂತ ಮೇಲೆ ಮುಟ್ಟದೆ ಅರ್ಧ ಗಂಟೆ ಕಾದೆವು.

ಎಂಜಿನ್ ನಿಂತಾಗ ತಂಪು ಗಾಳಿಯೂ ನಿಲ್ಲುತ್ತದೆ. ಲೋಹದ ಬಿಸಿಯೆಲ್ಲ ಪಂಪಿಗೆ, ಹೋಸಿಗೆ ಏರುತ್ತದೆ. ಒಂದು ಕಡೆ ಪಂಪಿನ ಕವಾಟ, ಇನ್ನೊಂದು ಕಡೆ ಕಾರ್ಬ್ಯುರೇಟರಿನ ಮುಳ್ಳು. ನಡುವೆ ಸಿಕ್ಕಿಬಿದ್ದ ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ, ಒತ್ತಡ ಏರುತ್ತದೆ. ಹಾರಿ ಬಂದ ಅರ್ಧ ಗಂಟೆಗೆ ವಾಸನೆ ಬರುತ್ತಿದ್ದುದರ ಗುಟ್ಟು ಇದು. ಇಪ್ಪತ್ತೈದನೆಯ ನಿಮಿಷಕ್ಕೆ ಬಿಳಿಯ ಮೇಲೆ ನೀಲಿ ಕಾಣಿಸಿತು. ಎಲ್ಬೋ ಪಂಪಿನೊಳಗೆ ಹೋಗುವ ಬುಡದಲ್ಲಿ, ನಮ್ಮ ಕಣ್ಣಿಗೆ ಮರೆಯಾದ ಹಿಂಬದಿಯಲ್ಲಿ, ಒಂದು ಕೂದಲೆಳೆ. ಅದು ಪಂಪಿನ ಮೈಮೇಲೆ ಇಳಿದು, ಒಂದು ಸುತ್ತು ಹಾಕಿ, ಡ್ರೈನ್ ಕೊಳವೆಯ ಹೆಗಲಿಗೆ ಬಂದು, ಅದನ್ನು ಹಿಡಿದು ಕೆಳಗೆ ಹೊರಟಿತ್ತು. ಯಾರೋ ಪೆನ್ನಿನಲ್ಲಿ ನಕ್ಷೆ ಬರೆದು ಕೊಟ್ಟಂತೆ.

ಎಲ್ಬೋ

ಬಿಚ್ಚಿ, ತೊಳೆದು, ಬಿರುಕು ತೋರಿಸುವ ಕೆಂಪು ದ್ರಾವಣ ಹಚ್ಚಿದಾಗ ಹೊಸ ಪಂಪಿನ ಬಾಯಿಯ ಅಂಚಿನಲ್ಲಿ ಕೆಂಪು ಗೆರೆ ಮೂಡಿತು. ಎರಕದ ಲೋಹ ಸೀಳಿತ್ತು. ಸೀಳಿದ್ದು ನಾನು, ಉದ್ದ ಸ್ಪ್ಯಾನರ್ ಹಿಡಿದು, ಆ ಕಾಲು ಸುತ್ತಿನಲ್ಲಿ.

ನಮ್ಮ ಪಂಪಿನ ಬಾಯಿಯಲ್ಲಿರುವುದು ಇಳಿಜಾರು ಥ್ರೆಡ್, ಅಂದರೆ ತಿರುಪಿನ ಎಳೆ. 16 ಅಂಗುಲ ಉದ್ದಕ್ಕೆ ಒಂದು ಅಂಗುಲ ವ್ಯಾಸ ಹೆಚ್ಚುವ ಲೆಕ್ಕದಲ್ಲಿ ಕೊರೆದದ್ದು. ಒಳಗೆ ಹೋದಂತೆ ಬೆಣೆಯ ಹಾಗೆ ಬಿಗಿಯುತ್ತದೆ; ಅದು ಸೀಲ್ ಆಗುವುದೇ ಹಾಗೆ. ಅತಿಯಾದರೆ ಬೆಣೆ ಮರವನ್ನು ಸೀಳುವಂತೆ ಪಂಪಿನ ಬಾಯನ್ನೂ ಸೀಳುತ್ತದೆ. ಬಿಗಿಯಾದ ಮೇಲೆ ದಿಕ್ಕು ಸರಿಯಿಲ್ಲವೆಂದು ಹಿಂದಕ್ಕೆ ತಿರುಗಿಸಿದರೆ ಸೀಲಂಟಿನ ಪದರ ಹರಿದು ದಾರಿಯಾಗುತ್ತದೆ. ಅಂದರೆ ದಿಕ್ಕು ಸಿಗದಿದ್ದರೆ ಹಿಂದೆ ಹೋಗುವಂತಿಲ್ಲ, ಬಲವಂತವಾಗಿ ಮುಂದೆ ಹೋಗುವಂತೆಯೂ ಇಲ್ಲ. ಬಿಚ್ಚಿ, ಒರೆಸಿ, ಹೊಸ ಸೀಲಂಟ್ ಹಚ್ಚಿ ಮೊದಲಿನಿಂದ ಶುರುಮಾಡಬೇಕು ಅಥವಾ ಇನ್ನೊಂದು ಎಲ್ಬೋ ತರಬೇಕು. ಸೆನ್ಸರ್ ಹಾಕಿದ ದಿನ ಮೊದಲ ಪಂಪಿನ ಎಲ್ಬೋವನ್ನು ಸೆನ್ಸರಿನ ಕಡೆಗೆ ತಿರುಗಿಸಲು ಏನು ಮಾಡಿದೆವು ಎಂದು ನೆನಪಿಸಿಕೊಂಡೆವು. ಹಿಂದಕ್ಕೆ ತಿರುಗಿಸಿದ್ದೆವು. ಮೊದಲ ಪಂಪಿಗೆ ಒಂದು ಪಾಪ, ಎರಡನೆಯದಕ್ಕೆ ಅದರ ತಿರುವುಮುರುವು.

ಹಾಗೆ ಹಿಂದಕ್ಕೆ ತಿರುಗಿಸಿದ್ದೂ 32 ಗಂಟೆ ಸೋರದೆ ಇದ್ದದ್ದು ಹೇಗೆ? ಇಲ್ಲಿಗೆ ಬಂದಾಗ ಪ್ರಕರಣದ ಬುಡ ಸಿಕ್ಕಿತು. ಕಿಟ್‌ನ ನಕ್ಷೆಯ ಪ್ರಕಾರ ಪಂಪಿನಿಂದ ಕಾರ್ಬ್ಯುರೇಟರಿಗೆ ನೇರವಾಗಿ ಒಂದು ಹೋಸ್. ಎರಡು ತುದಿಯೂ ಎಂಜಿನ್ನಿನ ಮೇಲೆಯೇ ಇರುವುದರಿಂದ ಎಂಜಿನ್ ಅಲುಗಿದರೆ ಎರಡೂ ಒಟ್ಟಿಗೆ ಅಲುಗುತ್ತವೆ. ನಾವು ಆ ಹೋಸನ್ನು ತೆಗೆದು, ನಡುವೆ ಸೆನ್ಸರ್ ತಂದು, ಅದನ್ನು ಎಂಜಿನ್ ಹೊರುವ ಚೌಕಟ್ಟಿಗೆ ಬಿಗಿದಿದ್ದೆವು. ಚೌಕಟ್ಟು ವಿಮಾನದ್ದು, ಎಂಜಿನ್ ರಬ್ಬರಿನ ಮೇಲೆ ಕೂತಿರುವುದು. ಸ್ಟಾರ್ಟ್ ಆಗುವಾಗ, ನಿಲ್ಲುವಾಗ ಎಂಜಿನ್ ಮೈ ಕೊಡವಿದ ಎಮ್ಮೆಯಂತೆ ಅಲುಗಾಡುತ್ತದೆ. ಪಂಪು ಆಡುತ್ತದೆ, ಸೆನ್ಸರ್ ಆಡುವುದಿಲ್ಲ, ನಡುವೆ ಬಿಗಿದು ಕಟ್ಟಿದ ಗೇಣುದ್ದದ ಹೋಸ್. ಪ್ರತಿ ಸಲವೂ ಅದು ಎಲ್ಬೋವಿನ ಕತ್ತು ಹಿಡಿದು ಎಳೆಯುತ್ತಿತ್ತು. ಹೋಸಿನ ಉದ್ದದಲ್ಲಿ ಶೇಕಡಾ 5ರಿಂದ 8ರಷ್ಟು ಸಡಿಲ ಇರಬೇಕೆಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ರಿಪೇರಿ ಕೈಪಿಡಿ 43.13 ಹೇಳುತ್ತದೆ. ಆ ಪುಟಕ್ಕೆ ನಾನೇ ಹಳದಿ ಬಣ್ಣ ಬಳಿದಿದ್ದೇನೆ. ನಮ್ಮ ಹೋಸಿನಲ್ಲಿ ಇದ್ದ ಸಡಿಲ ಸೊನ್ನೆ.

ಪಂಪು ಮೂರು ಬಂದರೂ ಮೂವತ್ತು ಬಂದರೂ ಈ ಎಳೆತ ಹಾಗೆಯೇ ಇರುತ್ತಿತ್ತು.

ಉಳಿದ ಅನುಮಾನಗಳನ್ನೂ ತೀರಿಸಿಕೊಂಡೆವು. ಹೋಸ್ ಕೂರುವ ಶಂಕುಮುಖ ವಿಮಾನದ ಅಳತೆಯ 37 ಡಿಗ್ರಿಯದೇ ಇತ್ತು; ಕಾರಿನ ಅಂಗಡಿಯ 45 ಡಿಗ್ರಿಯದು ಬೆರೆತಿರಲಿಲ್ಲ. ಟೆಫ್ಲಾನ್ ಟೇಪ್ ಎಲ್ಲೂ ಬಳಸಿರಲಿಲ್ಲ. ಅದರ ಚೂರು ಕಿತ್ತು ಹೋಗಿ ಕಾರ್ಬ್ಯುರೇಟರಿನ ಮುಳ್ಳಿನಲ್ಲಿ ಸಿಕ್ಕಿದರೆ ಸೋರಿಕೆಗಿಂತ ದೊಡ್ಡ ಗಂಡಾಂತರ. "ಬಿರುಕಿಗೆ ಎಪಾಕ್ಸಿ ತುಂಬಿದರೆ?" ಎಂದು ಭಾವಮೈದುನ ಮೆಲ್ಲಗೆ ಕೇಳಿದ. ಮೆಕ್ಯಾನಿಕ್ ಉತ್ತರ ಕೊಡಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಸ್ಥಿತಿಯಲ್ಲಿದ್ದ ಮೊದಲ ಪಂಪನ್ನೇ ಮತ್ತೆ ಹಾಕಬಹುದಿತ್ತು. ಅದು ಎರಡು ಹೋಳಾಗಿ ಬೆಂಚಿನ ಮೇಲೆ ಕೂತಿತ್ತು.

ಸೆನ್ಸರ್ ಎಲ್ಲಿಗೆ?

ಮೂರನೆಯ ಪಂಪು ಬಂತು. ಈ ಸಲ ಎಲ್ಬೋವನ್ನು ಕೈಯಲ್ಲಿ ತಿರುಗುವಷ್ಟು ತಿರುಗಿಸಿ, ಸೀಲಂಟನ್ನು ಮೊದಲ ಎರಡು ಎಳೆ ಬಿಟ್ಟು ಹಚ್ಚಿ, ಸಣ್ಣ ಸ್ಪ್ಯಾನರಿನಲ್ಲಿ ಬಿಗಿದೆವು. ಮೊದಲ ಸಲ ದಿಕ್ಕು ತಪ್ಪಿತು. ಬಿಚ್ಚಿ, ಒರೆಸಿ, ಎರಡನೆಯ ಎಲ್ಬೋ ಹಾಕಿದೆವು. ಅದು ಸುಖವಾಗಿ ಕಾರ್ಬ್ಯುರೇಟರಿನ ಕಡೆ ಮುಖಮಾಡಿ ನಿಂತಿತು. ನಕ್ಷೆಯಲ್ಲಿದ್ದ ಮೂಲ ಹೋಸನ್ನೇ, ಬೆಂಕಿ ತಡೆಯುವ ಕಿತ್ತಳೆ ಬಣ್ಣದ ತೋಳಿನ ಸಮೇತ, ಮತ್ತೆ ಹಾಕಿದೆವು.

ಸೆನ್ಸರನ್ನು ಕ್ಯಾಬಿನ್ ಕಡೆಗೆ, ವಿದ್ಯುತ್ ಪಂಪಿಗೂ ಫೈರ್‌ವಾಲಿಗೂ ನಡುವೆ ಒಯ್ದೆವು. ಅಲ್ಲಿ ಎಲ್ಲವೂ ವಿಮಾನಕ್ಕೆ ಬಿಗಿದದ್ದೇ; ಒಂದು ಆಡಿ ಇನ್ನೊಂದು ಆಡದಿರುವ ಪ್ರಶ್ನೆಯಿಲ್ಲ. ಬೇಡವೇ ಬೇಡ, ಕಿತ್ತೆಸೆಯೋಣ ಎಂಬ ವಾದ ನನ್ನದಾಗಿತ್ತು. ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂಬ ಲೆಕ್ಕಕ್ಕೆ ಅದು ಬೇಕು ಎಂಬುದು ಅವನ ವಾದ. ಅವನು ಗೆದ್ದ. ಆದರೆ ಇದರಿಂದ ಕೂರುವ ಜಾಗದ ಒಳಗೆ ಪೆಟ್ರೋಲಿನ ಎರಡು ಜೋಡಣೆ ಹೆಚ್ಚಾದವು ಎಂಬುದನ್ನು ನಾನು ಮರೆತಿಲ್ಲ.

ಇಂಧನ ವ್ಯವಸ್ಥೆಯಲ್ಲಿ ಒಂದು ವಸ್ತುವನ್ನು ಸರಿಸಿದರೆ ಅಪಾಯವೂ ಅದರ ಜೊತೆ ಸರಿಯುತ್ತದೆ, ಹೋಗುವುದಿಲ್ಲ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಬಿದ್ದು ತೀರಿಕೊಂಡದ್ದು ಇಂಥ ಕೈಯಿಂದ ಕಟ್ಟಿದ ಲಾಂಗ್-ಈಝಡ್ ವಿಮಾನದಲ್ಲಿ. ಬರ್ಟ್ ರುಟಾನ್ ಅವರ ವಿನ್ಯಾಸದಲ್ಲಿ ಟ್ಯಾಂಕ್ ಬದಲಿಸುವ ಹಿಡಿ ಪೈಲಟ್ಟಿನ ಕಾಲುಗಳ ನಡುವೆ ಇತ್ತು. ಆ ವಿಮಾನವನ್ನು ಕಟ್ಟಿದವರು ಅದನ್ನು ಎಡಹೆಗಲಿನ ಹಿಂದಕ್ಕೆ ಒಯ್ದಿದ್ದರು. ಪೆಟ್ರೋಲಿನ ಕೊಳವೆಗಳು ಕ್ಯಾಬಿನ್ನಿನೊಳಗೆ ಬರುವುದು ಬೇಡವೆಂದು. ಉದ್ದೇಶ ನಮ್ಮಂಥವರದೇ: ಸೋರಿಕೆಯ ಭಯ. ಆದರೆ ಹಾರುತ್ತ ಆ ಹಿಡಿಯನ್ನು ತಿರುಗಿಸಬೇಕೆಂದರೆ ಮೈಯನ್ನು ಪೂರ್ತಿ ತಿರುಚಬೇಕಿತ್ತು. ಇದೇ ರುಟಾನ್ ವಿನ್ಯಾಸದ ಆಧಾರದ ಮೇಲೆ 1980ರ ದಶಕದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ ಒಂದು ಹಗುರ ವಿಮಾನ ಕಟ್ಟಿ ಹಾರಿಸಿತ್ತು.

ಸೆನ್ಸರ್ ಜಾಗ ಬದಲಾದ್ದರಿಂದ ಅದರ ಲೆಕ್ಕವನ್ನು ಮತ್ತೆ ಸರಿಹೊಂದಿಸಬೇಕಾಯಿತು. ಅಳೆದು ತುಂಬಿ, ಹಾರಿ, ಮತ್ತೆ ಅಳೆಯುವ ಬೇಸರದ ಕೆಲಸ. ಅದನ್ನು ವಿವರಿಸುವುದಿಲ್ಲ. ವಿಮಾನ ನಿಲ್ದಾಣವನ್ನು ಬಿಟ್ಟು ದೂರ ಹೋಗದೆ, ಯಾರನ್ನೂ ಜೊತೆಗೆ ಕೂರಿಸಿಕೊಳ್ಳದೆ ಐದು ಗಂಟೆ ಹಾರಿದೆವು. ಪ್ರತಿ ಸಲ ಇಳಿದ ಮೇಲೆ ಅರ್ಧ ಗಂಟೆ ಕಾದು, ಕೌಲಿಂಗ್ ಬಿಚ್ಚಿ, ಬಿಳಿ ಬಳಿದ ಪಂಪನ್ನು ನೋಡಿದೆವು. ಇನ್ನೊಂದು ಡಬ್ಬಿ ಪೌಡರ್ ಖಾಲಿಯಾಯಿತು. ಅದರ ಬಗ್ಗೆ ಮನೆಯಲ್ಲಿ ವಿಚಾರಣೆಯೂ ನಡೆಯಿತು. ಹೆಂಡತಿ ನನ್ನನ್ನು ಬಿಟ್ಟು ತಮ್ಮನನ್ನು ಕೇಳಿದಳು, ಅವನು ನನ್ನ ಕಡೆ ಬೆರಳು ತೋರಿಸಿದ.

ಈಗ ಎಂಜಿನ್ 260 ಗಂಟೆ ದಾಟಿದೆ. ಹಾರಾಟಕ್ಕೆ ಮುಂಚಿನ ತಪಾಸಣೆಯ ಪಟ್ಟಿಯಲ್ಲಿ ಡ್ರೈನ್ ಕೊಳವೆಗೆ ಮೊದಲು ಒಂದು ಸಾಲಿತ್ತು. ಭಾವಮೈದುನ ಅದನ್ನು ಎರಡು ಮಾಡಿದ್ದಾನೆ, ಕನ್ನಡದಲ್ಲಿ, ಪೆನ್ಸಿಲಿನಲ್ಲಿ. ಒಳಗೆ ಒಣ. ಹೊರಗೆ ಒಣ. ಎರಡಕ್ಕೂ ಬೇರೆ ಬೇರೆ ಗುರುತು ಹಾಕಬೇಕು.